ಮರುಭೂಮಿಯ ಅಂತೋನಿ



ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ನೆಲೆಸಿರುವ ನಮಗೆ ಸ್ಯಾನ್ ಆಂಟೋನಿಯೊ ಚಿರಪರಿಚಿತ. ಊರಿನಿಂದ ಬಂದ ನೆಂಟರಿಗೆ ಅಲಾಮೊ ತೋರಿಸುವುದು ವಾಡಿಕೆಯಷ್ಟೆ. 1691ರ ಜೂನ್ 13ರಂದು ಸ್ಪೇನಿನ ತಂಡವೊಂದು ಅಲ್ಲಿಗೆ ಬಂದಿತು. ಅಂದು ಪಾದುವದ ಸಂತ ಅಂತೋನಿಯವರ ಹಬ್ಬವಾದ್ದರಿಂದ ಆ ಹೆಸರು. ಕೃಷ್ಣರಾಜನಗರದ ಬಳಿಯ ಡೋರ್ನಹಳ್ಳಿಯಲ್ಲಿ ಅನ್ಯಮತೀಯರೂ ಹರಕೆ ಸಲ್ಲಿಸುವ ಸಂತರು ಇವರೇ. ಆದರೆ ಇವರ ಹುಟ್ಟುಹೆಸರು ಫರ್ನಾಂಡೊ. 1220ರಲ್ಲಿ ಪೋರ್ಚುಗಲ್ಲಿನ ಕೊಯಿಂಬ್ರಾದಲ್ಲಿ ಫ್ರಾನ್ಸಿಸ್ಕನ್ ಸಂಘವನ್ನು ಸೇರಿದಾಗ, ಅಲ್ಲಿನ ಆಶ್ರಮವು ಯಾರಿಗೆ ಮುಡಿಪಾಗಿತ್ತೋ ಆ ಈಜಿಪ್ಟಿನ ವಿರಕ್ತರ ಹೆಸರನ್ನು ತಳೆದರು. ನಮ್ಮ ಇಂದಿನ ಮಾತು ಆ ಮೊದಲ ಅಂತೋನಿಯವರನ್ನು ಕುರಿತದ್ದು.

ಅವರ ಚರಿತ್ರೆಯನ್ನು ಗ್ರೀಕಿನಲ್ಲಿ ಬರೆದವರು ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್. ಸುಮಾರು 251ರಲ್ಲಿ ಸ್ಥಿತಿವಂತರ ಮನೆಯಲ್ಲಿ ಜನನ. ಇಪ್ಪತ್ತರ ಆಸುಪಾಸಿನಲ್ಲಿ ತಂದೆತಾಯಿ ತೀರಿಕೊಂಡಾಗ ಉಳಿದದ್ದು ಇಂದಿನ ಲೆಕ್ಕದಲ್ಲಿ ಸುಮಾರು 200 ಎಕರೆ ಫಲವತ್ತಾದ ಭೂಮಿ, ಜೊತೆಗೆ ಎಳೆಯ ತಂಗಿ. ಆಸ್ತಿಯನ್ನು ಮಾರಿ ಬಡವರಿಗೆ ಕೊಡೆಂಬ ಯೇಸುವಿನ ಮಾತನ್ನು ದೇವಾಲಯದಲ್ಲಿ ಕೇಳಿದ ಅವರು, ಭೂಮಿಯನ್ನು ಊರವರಿಗೆ ಬಿಟ್ಟುಕೊಟ್ಟರು. ತಂಗಿಯನ್ನು ವ್ರತನಿಷ್ಠ ಕನ್ಯೆಯರ ವಶಕ್ಕೆ ಒಪ್ಪಿಸಿದರು. ಅವಳ ಮನಸ್ಸೇನಿತ್ತು? ಗ್ರಂಥವು ಅವಳ ಹೆಸರನ್ನೂ ಹೇಳುವುದಿಲ್ಲ. ಯಶೋಧರೆಯ ಕಥೆ ಕೇಳಿ ಬೆಳೆದ, ಒಡಹುಟ್ಟಿದವರನ್ನು ಊರಿನಲ್ಲಿ ಬಿಟ್ಟುಬಂದ ನಮಗೆ ಈ ಮೌನ ಚುಚ್ಚದಿರದು.

ಮುಂದೆ ಪಾಳುಕೋಟೆಯೊಂದರಲ್ಲಿ ಇಪ್ಪತ್ತು ವರ್ಷ ಏಕಾಂತವಾಸ. ವರ್ಷಕ್ಕೆ ಎರಡು ಬಾರಿ ಮೇಲಿನಿಂದ ಇಳಿಬಿಟ್ಟ ರೊಟ್ಟಿಯೇ ಆಹಾರ. ಕೊನೆಗೆ ಜನ ಬಾಗಿಲು ಮುರಿದರು. ಏಕಾಂತವನ್ನರಸಿ ಹೋದವರ ಸುತ್ತ ವಿರಕ್ತರ ಊರೇ ಕಟ್ಟಿಕೊಂಡಿತು! 311ರಲ್ಲಿ ಕ್ರೈಸ್ತರಿಗೆ ಕಿರುಕುಳ ಒದಗಿದಾಗ ಅಲೆಕ್ಸಾಂಡ್ರಿಯಕ್ಕೆ ಬಂದು ಸೆರೆಯಾಳುಗಳ ಸೇವೆ ಮಾಡಿದರು.

ಅನಂತರ ಕೆಂಪುಸಮುದ್ರದ ಕಡೆಯ ಬೆಟ್ಟವೊಂದನ್ನು ಸೇರಿದರು. ನಮಗೆ ಅತ್ಯಂತ ಪ್ರಿಯವಾದ ಭಾಗವಿದು. ರೊಟ್ಟಿ ಹೊತ್ತು ತರುವವರ ಶ್ರಮ ಕಂಡು, ಗುದ್ದಲಿ, ಕೊಡಲಿ, ಒಂದಿಷ್ಟು ಧಾನ್ಯ ತರಿಸಿಕೊಂಡು ತಾವೇ ಬಿತ್ತಿ ಬೆಳೆದರು. ದರ್ಶನಕ್ಕೆ ಬರುವವರು ದಣಿದಿರುತ್ತಾರೆಂದು ಅವರಿಗಾಗಿ ತರಕಾರಿಯನ್ನೂ ಬೆಳೆಸಿದರು. ದೆವ್ವಗಳೊಡನೆ ಅವರು ನಡೆಸಿದ ಹೋರಾಟವನ್ನು ಚಿತ್ರಕಾರರು ಶತಮಾನಗಳ ಕಾಲ ಬರೆದರು. ಈ ಕಾಯಿಪಲ್ಲೆಯ ಪಾತಿಗೆ ಅಷ್ಟು ಮನ್ನಣೆ ದೊರೆಯಲಿಲ್ಲ.

ಒಮ್ಮೆ ಬೆಟ್ಟವಿಳಿದು ಹಳೆಯ ಆಶ್ರಮಗಳಿಗೆ ಬಂದಾಗ ತಂಗಿಯನ್ನು ಕಂಡರು. ಮುಪ್ಪಡರಿದ್ದ ಆಕೆ ತಾನೇ ಇತರ ಕನ್ಯೆಯರ ಹಿರಿಯಳಾಗಿದ್ದಳು. ಅವರು ಹರ್ಷಗೊಂಡರೆಂದು ಗ್ರಂಥ ಹೇಳುತ್ತದೆ. ಆಕೆಯ ಮಾತೊಂದನ್ನೂ ದಾಖಲಿಸಿಲ್ಲ.

356ರಲ್ಲಿ, 105ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ದೇಹವನ್ನು ಯಾರೂ ಪೂಜೆಗೆ ಇಟ್ಟುಕೊಳ್ಳದಂತೆ, ಜೊತೆಗಿದ್ದ ಇಬ್ಬರು ಶಿಷ್ಯರು ಅವರ ಅಪ್ಪಣೆಯಂತೆ ಗುಟ್ಟಾಗಿ ಮಣ್ಣು ಮಾಡಿದರು.