ಕಾರವಾರ ಕರಾವಳಿ ಮತ್ತು ಮೈಸೂರು ಯುದ್ಧದ ಸೆರೆಯಾಳುಗಳು

ಎರಡನೇ ಆಂಗ್ಲೋ–ಮೈಸೂರು ಯುದ್ಧದಲ್ಲಿ (1780–84) ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕೈಗೆ ಈಸ್ಟ್ ಇಂಡಿಯಾ ಕಂಪನಿಯ ಅನೇಕ ಸೈನಿಕರು ಸೆರೆಸಿಕ್ಕರು. ಶ್ರೀರಂಗಪಟ್ಟಣ, ಬೆಂಗಳೂರು ಮೊದಲಾದ ಕೋಟೆಗಳಲ್ಲಿ ಇವರನ್ನು ಸೆರೆಯಿಟ್ಟಿದ್ದರು. ಇವರನ್ನು ಬಿಡಿಸಿದ ಒಪ್ಪಂದದಲ್ಲಿ ಕಾರವಾರ, ಸದಾಶಿವಗಡಗಳ ಹೆಸರಿದೆ.

1783ರ ಆರಂಭದಲ್ಲಿ ಮುಂಬಯಿ ಸೇನೆಯ ಜನರಲ್ ರಿಚರ್ಡ್ ಮ್ಯಾಥ್ಯೂಸ್ ಹೊನ್ನಾವರವನ್ನು ಹಿಡಿದು, ಘಟ್ಟ ಹತ್ತಿ ಬಿದನೂರನ್ನೂ ವಶಪಡಿಸಿಕೊಂಡ. ಕಾಳಿ ನದಿಯ ಅಳಿವೆಯನ್ನು ಕಾಯುವ ಸದಾಶಿವಗಡವೂ ಕಾರವಾರವೂ ಕಂಪನಿಯ ವಶವಾದವು. ಅಂಕೋಲೆಯ ಉತ್ತರಕ್ಕೂ ದಕ್ಷಿಣಕ್ಕೂ ಅದರ ಕಾವಲು ಕೂತಿತು. ಏಪ್ರಿಲ್ ಕೊನೆಗೆ ಟಿಪ್ಪು ಬಿದನೂರನ್ನು ಮರಳಿ ಪಡೆದ. ಅಲ್ಲಿ ಶರಣಾದ ಮ್ಯಾಥ್ಯೂಸ್‌ನ ಪಡೆಯವರನ್ನು ಕರಾವಳಿಗೆ ಬಿಡುವ ಮಾತಾಗಿತ್ತು. ಖಜಾನೆಯ ಹಣವನ್ನು ಅವರು ಹಂಚಿಕೊಂಡರೆಂಬ ಕಾರಣಕ್ಕೆ ಅದು ಮುರಿದುಬಿತ್ತು. ಕೈದಿಗಳು ಸಂಕೋಲೆಯಲ್ಲಿ ಒಳನಾಡಿಗೆ ನಡೆದರು. ಮ್ಯಾಥ್ಯೂಸ್ ಅದೇ ವರ್ಷ ಸೆರೆಯಲ್ಲೇ ಸತ್ತ.

ಪೊಳ್ಳಿಲೂರಿನ ಕದನದಲ್ಲಿ 1780ರಲ್ಲಿ ಸೋತ ಕಂಪನಿ ಸೈನಿಕರು ಆಗಲೇ ಶ್ರೀರಂಗಪಟ್ಟಣದಲ್ಲಿದ್ದರು. ಅವರ ನಾಯಕ ಕರ್ನಲ್ ಬೇಲಿ 1782ರಲ್ಲಿ ಅಲ್ಲೇ ತೀರಿಕೊಂಡಿದ್ದ. ಗುಂಡು ತಗುಲಿದ ಕಾಲಿಗೆ ಬೇಡಿ ಹಾಕಿದರೆ ಸಹಕೈದಿ ಡೇವಿಡ್ ಬೇರ್ಡ್ ಬದುಕಲಾರನೆಂದು ಕಂಡ ಕ್ಯಾಪ್ಟನ್ ಲೂಕಸ್, ಅವನ ಬೇಡಿಯನ್ನೂ ತನಗೇ ತೊಡಿಸಿ ಎಂದು ಮುಂದೆ ಬಂದನೆಂದು ಬೇರ್ಡ್‌ನ ಜೀವನಚರಿತ್ರೆ ಹೇಳುತ್ತದೆ. ಲೂಕಸ್ ಸೆರೆಯಿಂದ ಹೊರಬರಲಿಲ್ಲ.

ಬಿಳಿಯ ಅಧಿಕಾರಿಗಳು ದಿನಚರಿ, ಆತ್ಮಕಥೆ ಬರೆದರು. ಅವರ ಜೊತೆಗೇ ಸೆರೆಬಿದ್ದ ಸಿಪಾಯಿಗಳ ಪಾಡು ಮಾತ್ರ ಅಂಥ ಬರಹಗಳ ಅಂಚಿನಲ್ಲಷ್ಟೇ ಉಳಿದಿದೆ. ಈ ಇತಿಹಾಸದ ದೊಡ್ಡ ಕೊರತೆ ಅದೇ. ಬಿಡುಗಡೆಯಾಗಿ ಮದರಾಸಿಗೆ ನಡೆಯುವಾಗ ಕಾವಲಿನವರು ಸಿಪಾಯಿಗಳನ್ನು ಅಧಿಕಾರಿಗಳಿಂದ ದೂರವಿಟ್ಟಿದ್ದರು. ಆದರೂ ಸಿಪಾಯಿಗಳು ರಾತ್ರಿ ಕೆರೆ, ಹೊಳೆ ಈಜಿ ಬಂದು, ದಿನದ ಎರಡು ಮೂರು ಕಾಸಿನ ಭತ್ಯೆಯಲ್ಲಿ ಉಳಿಸಿದ್ದನ್ನು ಅಧಿಕಾರಿಗಳ ಕೈಗಿಟ್ಟು ಹೋಗುತ್ತಿದ್ದರಂತೆ: ನಮಗೆ ಏನಾದರೂ ನಡೆದೀತು, ನಿಮಗೆ ಮಾಂಸ ಬೇಕು ಎಂದು. ಹಾಗೆ ಈಜಿ ಬಂದವರ ಹೆಸರು ಯಾರೂ ಬರೆದಿಡಲಿಲ್ಲ.

1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಯುರೋಪಿಯನ್ನರು, ದೇಶೀಯರು ಎನ್ನದೆ ಎಲ್ಲ ಸೆರೆಯಾಳುಗಳನ್ನೂ ಬಿಡಲು ಟಿಪ್ಪು ಒಪ್ಪಿದ. ಕಂಪನಿ ಹೊನ್ನಾವರ, ಕಾರವಾರ, ಸದಾಶಿವಗಡಗಳನ್ನು ಬಿಟ್ಟುಕೊಟ್ಟು, ಅಲ್ಲಿದ್ದ ತನ್ನ ಪಡೆಗಳನ್ನು ಹಡಗಿನಲ್ಲಿ ಮುಂಬಯಿಗೆ ಒಯ್ಯಬೇಕಿತ್ತು. ಆದರೆ ಸೆರೆಯಲ್ಲಿದ್ದವರೆಲ್ಲ ಹೊರಬರಲಿಲ್ಲ. ಫ್ರೆಂಚರು 1782ರಲ್ಲಿ ಹೈದರನಿಗೆ ಒಪ್ಪಿಸಿದ್ದ ನಾವಿಕ ಹುಡುಗ ಜೇಮ್ಸ್ ಸ್ಕರಿ ಹತ್ತು ವರ್ಷದಷ್ಟು ಕಾಲ ಸೆರೆಯಲ್ಲೇ ಬೆಳೆದು, ಮುಂದಿನ ಯುದ್ಧದ ವೇಳೆ ತಪ್ಪಿಸಿಕೊಂಡ. ಅವನ ವೃತ್ತಾಂತ 1824ರಲ್ಲಿ ಅಚ್ಚಾಯಿತು.