ಕೀ ಕೊಡುವ ವಾಚು, ಸೆಲ್ ಹಾಕುವ ವಾಚು

ದೊಡ್ಡಬಳ್ಳಾಪುರದ ಯಾವ ಮೊಬೈಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೂ ಒಂದು ವಾಗ್ವಾದ ಕಿವಿಗೆ ಬೀಳುತ್ತದೆ. ಐಫೋನ್ ಮೇಲೋ, ಸ್ಯಾಮ್‌ಸಂಗ್ ಮೇಲೋ? ಇಯರ್‌ಫೋನ್ ಚುಚ್ಚುವ ತೂತನ್ನೇ ತೆಗೆದುಹಾಕಿದ್ದು ಸರಿಯೋ, ತಪ್ಪೋ? ಬ್ಯಾಟರಿಯನ್ನು ನಾವೇ ಬಿಚ್ಚಿ ಹಾಕುವಂತಿಲ್ಲವೇಕೆ? ಊರಿನಿಂದ ದೇವನಹಳ್ಳಿ ಕಡೆಗಿರುವ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ 2025ರಲ್ಲಿ ಐಫೋನ್ ಜೋಡಣೆ ಶುರುವಾದ ಮೇಲಂತೂ ಈ ಚರ್ಚೆ ಊರಿನ ಸ್ವಂತ ವಿಷಯವೇ ಆಗಿದೆ ಎನ್ನಬೇಕು.

ಇದು ಹೊಸ ಕಾಲದ ಹುಚ್ಚು ಎಂದು ಮೂಗು ಮುರಿಯುವ ಹಿರಿಯರು ತಮ್ಮ ಮಣಿಕಟ್ಟನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಸುಮಾರು ನಲವತ್ತು ವರ್ಷಗಳ ಹಿಂದೆ ಇದೇ ಬಿರುಸಿನ ಜಗಳವನ್ನು ಅವರೂ ಆಡಿದ್ದರು. ಆಗಿನ ವಿಷಯ ಕೈಗಡಿಯಾರ. ಪಕ್ಷಗಳು ಎರಡು, ಎಚ್‌ಎಂಟಿ ಮತ್ತು ಟೈಟಾನ್.

ಎಚ್‌ಎಂಟಿ ನಮ್ಮ ನೆರೆಯದೇ. ಯಂತ್ರ ತಯಾರಿಸುವ ಯಂತ್ರಗಳಿಗಾಗಿ 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಅದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಕೈಗಡಿಯಾರಕ್ಕೂ ಕೈ ಹಾಕಿತು. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಅದಕ್ಕೆ ಮೊದಲು ವಾಚು ಎಂದರೆ ಸ್ವಿಟ್ಜರ್ಲೆಂಡಿನಿಂದ ಬರುವ ವೆಸ್ಟ್ ಎಂಡ್, ಫೇವರ್ ಲ್ಯೂಬಾ. ಅಂದರೆ ಉಳ್ಳವರ ಸೊತ್ತು. 'ಜನತಾ' ಎಂಬ ಎಚ್‌ಎಂಟಿ ಮಾದರಿಯ ಹೆಸರಿನಲ್ಲೇ ಅದರ ಉದ್ದೇಶವೂ ಇತ್ತು. ಶಾಲೆಯ ಮೇಷ್ಟ್ರು, ಬಸ್ ಕಂಡಕ್ಟರ್, ನೇಯ್ಗೆಯವರು ಕಟ್ಟಿಕೊಳ್ಳುವ ವಾಚು ಅದು. ಮದುವೆಯಲ್ಲಿ ಅಳಿಯನಿಗೆ, ನಿವೃತ್ತಿಯ ದಿನ ಗುಮಾಸ್ತರಿಗೆ ಕೊಡುವ ಉಡುಗೊರೆಯೂ ಅದೇ. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು.

ಈ ವಾಚಿನ ಹೊಟ್ಟೆಯಲ್ಲಿದ್ದದ್ದು ಒಂದು ಸುರುಳಿ ಸ್ಪ್ರಿಂಗು. ಬೆಳಗ್ಗೆ ಎದ್ದು, ಆಕಾಶವಾಣಿಯ ವಾರ್ತೆಗೆ ಮುಳ್ಳು ಹೊಂದಿಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಕೀ ತಿರುಗಿಸುವುದು ಸ್ನಾನ, ಸಂಧ್ಯೆಯಂತೆ ಒಂದು ನಿತ್ಯನೇಮ. ಸ್ಪ್ರಿಂಗು ಬಿಚ್ಚಿಕೊಳ್ಳುತ್ತಾ ಒಳಗಿನ ಚಕ್ರವನ್ನು ಸೆಕೆಂಡಿಗೆ ಐದು ಬಾರಿ ಮಿಡಿಸುತ್ತಿತ್ತು. ಸವೆತ ತಡೆಯಲು 17 ಕೆಂಪು ಹರಳುಗಳು. ಕೆಟ್ಟರೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ರಿಪೇರಿಯವರು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಎಣ್ಣೆ ಬಿಟ್ಟು ಕೊಡುತ್ತಿದ್ದರು. ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ಬಸ್ಸುಗಳೂ ಅಷ್ಟೇನೂ ನಿಖರವಾಗಿರಲಿಲ್ಲವಲ್ಲ!

ಅತ್ತ ಜಪಾನಿನಲ್ಲಿ 1969ರ ಡಿಸೆಂಬರ್ 25ರಂದು ಸೀಕೊ ಕಂಪೆನಿ 'ಆಸ್ಟ್ರಾನ್' ಎಂಬ ವಾಚನ್ನು ಮಾರಾಟಕ್ಕಿಟ್ಟಿತು. ಕೀ ಕೊಡುವ ಗೋಜಿಲ್ಲ. ಪುಟ್ಟ ಸೆಲ್ಲಿನ ವಿದ್ಯುತ್ತು ಸ್ಫಟಿಕದ ಚೂರೊಂದನ್ನು ಕಂಪಿಸುತ್ತದೆ. ಆ ಕಂಪನದ ಎಣಿಕೆಯೇ ಕಾಲದ ಎಣಿಕೆ. ಮುಂದೆ ಎಲ್ಲೆಡೆ ರೂಢಿಗೆ ಬಂದ ಕ್ವಾರ್ಟ್ಸ್ ವಾಚುಗಳಲ್ಲಿ ಆ ಕಂಪನ ಸೆಕೆಂಡಿಗೆ 32,768 ಬಾರಿ. ಸ್ಪ್ರಿಂಗಿನ ವಾಚು ದಿನಕ್ಕೆ ತಪ್ಪುವಷ್ಟನ್ನು ಇದು ತಿಂಗಳಿಗೆ ತಪ್ಪಿದರೆ ಹೆಚ್ಚು.

ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರ್ಕಾರದ ಉದ್ಯಮ ನಿಗಮ ಸೇರಿ 1984ರಲ್ಲಿ ಸ್ಥಾಪಿಸಿದ ಟೈಟಾನ್ ತನ್ನೆಲ್ಲ ಭಾರವನ್ನೂ ಈ ಸ್ಫಟಿಕದ ಮೇಲೆ ಹಾಕಿತು. ಕಾರ್ಖಾನೆ ಇದ್ದದ್ದು ಹೊಸೂರಿನಲ್ಲಿ. ಬೆಂಗಳೂರಿಗೆ ಕೂಗಳತೆ, ಕನ್ನಡದ ಮಾತು ಕೇಳುವ ಗಡಿಯೂರು. ಎಚ್‌ಎಂಟಿಯಲ್ಲಿ ಪಳಗಿದ ಕೈಗಳೂ ಅಲ್ಲಿಗೆ ಹೋದವು. ಸಂಸ್ಥೆಯ ಮುಖ್ಯಸ್ಥ ಝರ್ಕ್ಸೀಸ್ ದೇಸಾಯಿ ವಾಚನ್ನು ಸಮಯ ನೋಡುವ ಸಾಧನವಾಗಿ ಅಲ್ಲ, ತೊಡುವ ಒಡವೆಯಾಗಿ ಮಾರಿದರು. 1987ರಲ್ಲಿ ಬೆಂಗಳೂರಿನ ಸಫೀನಾ ಪ್ಲಾಜಾದಲ್ಲಿ ಮಳಿಗೆ ತೆರೆಯಿತು. ಪತ್ರಿಕೆಗಳಲ್ಲಿ ಬೆಲೆ ಸಮೇತ ವಾಚುಗಳ ಸಾಲುಸಾಲು ಚಿತ್ರಗಳು ಬಂದವು. ಟಿವಿಯಲ್ಲಿ ಮೊಜಾರ್ಟನ 25ನೆಯ ಸಿಂಫನಿಯ ಸ್ವರಗಳು ಮೊಳಗಿದವು. ಮೊಜಾರ್ಟ್ ಯಾರೆಂದು ಅರಿಯದ ಮಕ್ಕಳೂ ಅದನ್ನು ಗುನುಗುತ್ತಿದ್ದರು.

ಆಗ ಎದ್ದದ್ದು ಆ ಜಗಳ. "ಸೆಲ್ಲು ಮುಗಿದರೆ ಹಳ್ಳಿಯಲ್ಲಿ ಎಲ್ಲಿ ತರುತ್ತೀಯಪ್ಪಾ?" ಎನ್ನುವುದು ಎಚ್‌ಎಂಟಿ ಪಕ್ಷದ ಮೊದಲ ಬಾಣ. ಅದರಲ್ಲಿ ಹುರುಳಿಲ್ಲದೇ ಇರಲಿಲ್ಲ. ಕಳ್ಳಸಾಗಣೆಯಲ್ಲಿ ಬಂದ ಅಗ್ಗದ ಡಿಜಿಟಲ್ ವಾಚುಗಳು ಕೆಲವೇ ತಿಂಗಳಲ್ಲಿ ಕಣ್ಣು ಮುಚ್ಚಿ, ಸೆಲ್ಲಿನ ವಾಚೆಂದರೆ ಎಸೆಯುವ ವಾಚು ಎಂಬ ಭಾವನೆ ಹುಟ್ಟಿಸಿದ್ದವು. "ಕೀ ಕೊಡಲು ಮರೆತರೆ ನಿಮ್ಮದು ನಿಲ್ಲುವುದಿಲ್ಲವೇ ಮಾವ?" ಎಂಬುದು ಎದುರು ಪಕ್ಷದ ಉತ್ತರ. ತೆಳುವಾದದ್ದು ಚೆಂದ ಎಂದು ಇವರು; ತೆಳುವಾದದ್ದು ಬಾಳದು ಎಂದು ಅವರು. ಇಂದಿನ ಫೋನಿನ ಚರ್ಚೆಯಲ್ಲಿ ಇದಕ್ಕಿಂತ ಹೊಸ ಮಾತು ಒಂದೂ ನನಗೆ ಕೇಳಿಸಿಲ್ಲ.

ಇಲ್ಲೊಂದು ವಿಪರ್ಯಾಸವಿದೆ. ಕ್ವಾರ್ಟ್ಸ್ ವಾಚನ್ನು ಟೈಟಾನ್‌ಗಿಂತ ಮೊದಲೇ, 1980ರ ದಶಕದ ಆರಂಭದಲ್ಲೇ, ಮಾರುಕಟ್ಟೆಗೆ ತಂದದ್ದು ಎಚ್‌ಎಂಟಿಯೇ. ಆದರೆ ಅದರ ಮನಸ್ಸು ಸ್ಪ್ರಿಂಗಿನಲ್ಲೇ ಇತ್ತು. ಗಿರಾಕಿಗಳು ಅದನ್ನೇ ಕೇಳುತ್ತಿದ್ದುದರಿಂದ ಪೂರ್ತಿ ತಪ್ಪೆನ್ನಲೂ ಆಗದು.

ನಿಷ್ಠಾವಂತರು ಸಂಸ್ಥೆಯನ್ನು ಉಳಿಸಬೇಕಿತ್ತಲ್ಲವೇ ಎಂದು ಓದುಗರು ಕೇಳಬಹುದು. ನನಗೆ ತೋರುವುದು ಬೇರೆ. ಎಚ್‌ಎಂಟಿಯ ನಿಷ್ಠಾವಂತ ಎಂದರೆ ಒಂದೇ ವಾಚನ್ನು ಮೂವತ್ತು ವರ್ಷ ಕಟ್ಟಿದವನು. ಪಟ್ಟಿ ಬದಲಿಸಿದ, ಗಾಜು ಬದಲಿಸಿದ, ಇನ್ನೊಂದು ವಾಚು ಕೊಳ್ಳಲಿಲ್ಲ. ಅವನ ಹೊಗಳಿಕೆ ಅಂಗಡಿಯ ಗಲ್ಲಾಪೆಟ್ಟಿಗೆಗೆ ಬೀಳಲಿಲ್ಲ. ಸೀರೆಗೊಂದು, ಸೂಟಿಗೊಂದು ವಾಚು ಇರಬೇಕೆಂಬ ಆಸೆ ಹುಟ್ಟಿಸಿದ ಟೈಟಾನ್‌ಗೆ ಆ ತೊಂದರೆ ಬರಲಿಲ್ಲ. ನಷ್ಟ ಬೆಳೆದು, 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು.

ಫೋನು ಮಾಡುವವರು ಈ ಪಾಠವನ್ನು ಚೆನ್ನಾಗಿ ಕಲಿತಂತಿದೆ. ಬ್ಯಾಟರಿಯನ್ನು ಒಳಗೇ ಮುಚ್ಚಿಟ್ಟ ಐಫೋನ್ 2007ರಲ್ಲಿ ಬಂತು. ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್ ಸಾಲಿನಲ್ಲಿ 2015ರಲ್ಲಿ ಅದೇ ದಾರಿ ಹಿಡಿಯಿತು. 2016ರಲ್ಲಿ ಆಪಲ್ ಇಯರ್‌ಫೋನಿನ ತೂತು ಮುಚ್ಚಿದಾಗ ಜಾಹೀರಾತಿನಲ್ಲಿ ಗೇಲಿ ಮಾಡಿದ ಅದೇ ಸ್ಯಾಮ್‌ಸಂಗ್, 2019ರ ನೋಟ್ 10ರಲ್ಲಿ ತಾನೂ ಅದನ್ನು ಕೈಬಿಟ್ಟಿತು. ಅಭಿಮಾನಿಗಳು ಮಾತ್ರ ಇನ್ನೂ ಕಿತ್ತಾಡುತ್ತಿದ್ದಾರೆ.

ಎಚ್‌ಎಂಟಿ ಹೆಸರಿನ ವಾಚುಗಳು ಈಗಲೂ ಮಾರಾಟಕ್ಕಿವೆ. ಕಾರ್ಖಾನೆ ಮುಚ್ಚುವ ಸುದ್ದಿ ಬಂದ ಮೇಲೆ ಹಳೆಯ ಪೈಲಟ್, ಜನತಾ ಮಾದರಿಗಳನ್ನು ಹುಡುಕಿ ಕೊಳ್ಳುವ ಯುವಕರೂ ಹುಟ್ಟಿಕೊಂಡಿದ್ದಾರೆ. ಅವರಲ್ಲಿ ಹಲವರ ಜೇಬಿನಲ್ಲಿ ಇರುವುದು ತಾವೇ ಬಿಚ್ಚಲಾಗದ ಫೋನು. ಕೈಯಲ್ಲಿ ಮಾತ್ರ ದಿನವೂ ಕೀ ಕೊಡಬೇಕಾದ ಅಜ್ಜನ ವಾಚು.