ಸಿಡಿ ಸುಟ್ಟು ಹಾಡು ಉಳಿಸಿದ ಕಾಲ

"ಸಿಡಿ ಸುಡೋದು" ಅಂದ್ರೆ ಈಗಿನ ಹುಡುಗರು ಬೆಂಕಿ ಹಚ್ಚೋದು ಅಂದುಕೊಂಡಾರು! 'ಬರ್ನ್' ಅನ್ನೋದನ್ನು ತಮಾಷೆಗೆ ಹಾಗೆ ಕನ್ನಡ ಮಾಡಿಕೊಂಡಿದ್ದೆವು. ಅಂಗಡಿಯಲ್ಲಿ ಮಾತ್ರ "ಒಂದು ಸಿಡಿ ರೈಟ್ ಮಾಡಿಕೊಡಿ" ಅಂತಲೇ ಕೇಳ್ತಿದ್ದದ್ದು. ಕಂಪ್ಯೂಟರಿನಿಂದ ಸಿಡಿಗೆ ಹಾಡು ಏರಿಸೋದು ಬರ್ನಿಂಗ್, ಸಿಡಿಯಿಂದ ಕಂಪ್ಯೂಟರಿಗೆ ಇಳಿಸೋದು ರಿಪ್ಪಿಂಗ್. ಲಿನಕ್ಸ್‌ನಲ್ಲಿ ಈ ಎರಡು ಕೆಲಸ ಹೇಗೆ ಬೆಳೆದು ಬಂತು, ನಮ್ಮ ತುಮಕೂರು ಕಡೆಯ ಹಾಡುಗಳಿಗೂ ಅದಕ್ಕೂ ಏನು ಸಂಬಂಧ ಅನ್ನೋದೇ ಈ ಬರಹ.

ಮೊದಲು ಗುಬ್ಬಿಗೆ ಹೋಗೋಣ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾಗಿದ್ದು 1884ರಲ್ಲಿ. ಗುಬ್ಬಿ ವೀರಣ್ಣನವರು (1891-1972) ಅದನ್ನು ನಾಡಿಗೆಲ್ಲ ಪರಿಚಯಿಸಿದರು. 1934ರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದದ್ದು ಎಲ್ಲರಿಗೂ ಗೊತ್ತು. ಆದರೆ ಜನ ಕಂಪನಿ ನಾಟಕಕ್ಕೆ ಹೋಗುತ್ತಿದ್ದದ್ದು ಹಾಡು ಕೇಳೋದಕ್ಕೂ ಹೌದು. ಒಂದು ಹಾಡು ಹಿಡಿಸಿದರೆ "ವನ್ಸ್ ಮೋರ್" ಕೂಗಿ ಮತ್ತೆ ಮತ್ತೆ ಹಾಡಿಸೋರು. ಆ ಕಾಲದ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ರಾತ್ರಿಯಿಡೀ ನಡೆಯೋ ನಾಟಕದ ಎಷ್ಟು ಸಂಗೀತ ಅದರಲ್ಲಿ ಉಳಿದೀತು, ನೀವೇ ಲೆಕ್ಕ ಹಾಕಿ.

ಅದೇ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' ಬಿಡುಗಡೆಯಾಯಿತು. ಅದರ ಸಾಹಿತ್ಯ ನಮ್ಮ ಬೆಳ್ಳಾವೆಯ ನರಹರಿ ಶಾಸ್ತ್ರಿಗಳದ್ದು. ಆ ಸಿನಿಮಾದ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ. ಇದ್ದ ಕೆಲವೇ ಪ್ರತಿಗಳು ಹಾಳಾದವು, ಅಷ್ಟೇ.

ಇನ್ನು ಕುಣಿಗಲ್ ನೋಡಿ. ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡು ಕೇಳದ ಕನ್ನಡಿಗರು ಕಡಿಮೆ. ಬರೆದವರು ಯಾರು ಅಂತ ಯಾರಿಗೂ ಗೊತ್ತಿಲ್ಲ, ಪ್ಲೇಟು ಬರೋದಕ್ಕೆ ಕಾಯಲೂ ಇಲ್ಲ. ಬಾಯಿಂದ ಬಾಯಿಗೆ ಕಾಪಿ ಆಗುತ್ತಾ ಬಂತು. ಹಾಡುವವರು ಬದಲಾದಂತೆ ಸಾಲೂ ಒಂದಿಷ್ಟು ಬದಲಾಗಿರಬಹುದು, ಆದರೆ ಹಾಡು ಉಳಿಯಿತು.

ಹೀಗೆ ಉಳಿಯೋದು ಬಿಡೋದು ಎಲ್ಲ ಪ್ರತಿಗಳ ಮೇಲೆ ನಿಂತಿದೆ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದಮೇಲೆ ಭಾವಗೀತೆ ಮನೆಮನೆಗೆ ಬಂತು. ಆದರೆ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದಾಗಲೆಲ್ಲ 'ಸ್ಸ್' ಅನ್ನೋ ಸದ್ದು ಹೆಚ್ಚುತ್ತಿತ್ತು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಇರೋದು ಬರೀ ಅಂಕಿಗಳು. ಸೆಕೆಂಡಿಗೆ 44,100 ಸಲ ಅಳೆದ, ಎರಡು ಚಾನೆಲ್‌ನ 16 ಬಿಟ್ ಅಳತೆಗಳು. ಅಂಕಿ ಸರಿಯಾಗಿ ನಕಲಾದರೆ ಪ್ರತಿಗೂ ಮೂಲಕ್ಕೂ ವ್ಯತ್ಯಾಸವೇ ಇಲ್ಲ!

ಲಿನಕ್ಸ್ ನಮ್ಮೂರಿಗೆ ಬಂದದ್ದೂ ಸಿಡಿಯ ಮೇಲೆಯೇ. ಡಯಲ್‌ಅಪ್‌ನಲ್ಲಿ ಸೆಕೆಂಡಿಗೆ 5 ಕೆಬಿ ಬಂದರೆ ದೊಡ್ಡದು. ಆ ಲೆಕ್ಕದಲ್ಲಿ 650 ಎಂಬಿ ಇಳಿಸಲು ಸುಮಾರು 37 ಗಂಟೆ ಬೇಕು. ಅದಕ್ಕೇ 'ಪಿಸಿಕ್ವೆಸ್ಟ್' ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿಗೆ ಕಾಯುತ್ತಿದ್ದದ್ದು. 2005ರಿಂದ 2011ರವರೆಗೆ ಉಬುಂಟುನವರು ಪುಕ್ಕಟೆಯಾಗಿ ಅಂಚೆಯಲ್ಲೂ ಕಳಿಸಿದರು. ತುಮಕೂರಿನಂಥ ಎಂಜಿನಿಯರಿಂಗ್ ಕಾಲೇಜಿನ ಊರಿನಲ್ಲಿ ಒಬ್ಬರಿಗೆ ಸಿಡಿ ಸಿಕ್ಕರೆ ಸಾಕು, ಕ್ಲಾಸಿಗೆಲ್ಲ ಕಾಪಿ. ಹಾಗಾಗಿ ಲಿನಕ್ಸ್ ಬಳಸುವವರಿಗೆ ಸಿಡಿ ಬರೆಯೋದು ಕಲಿಯದೆ ವಿಧಿ ಇರಲಿಲ್ಲ.

ಬರೆಯುವ ಕೆಲಸಕ್ಕೆ 1996ರಲ್ಲಿ ಯೋರ್ಗ್ ಶಿಲ್ಲಿಂಗ್ ಅವರ 'ಸಿಡಿರೆಕಾರ್ಡ್' ಬಂತು. ಅದು ಮಾತಾಡುತ್ತಿದ್ದದ್ದು ಸ್ಕಸಿ ಭಾಷೆ, ನಮ್ಮ ಅಗ್ಗದ ರೈಟರುಗಳೆಲ್ಲ ಐಡಿಇ. 2.4 ಕರ್ನೆಲ್‌ನ ಕಾಲದಲ್ಲಿ ಐಡಿಇ ಡ್ರೈವನ್ನು ಸ್ಕಸಿ ಅಂತ ನಂಬಿಸಲು 'ಐಡಿಇ-ಸ್ಕಸಿ' ಮಾಡ್ಯೂಲ್ ಹಾಕಬೇಕಿತ್ತು. 2003ರ ಡಿಸೆಂಬರಿನಲ್ಲಿ 2.6 ಕರ್ನೆಲ್ ಬಂದಮೇಲೆ ಆ ತಾಪತ್ರಯ ತಪ್ಪಿತು. ಇನ್ನೊಂದು ಶತ್ರು ಬಫರ್ ಅಂಡರ್‌ರನ್. ಲೇಸರ್ ಬರೆಯುತ್ತಿರುವಾಗ ಕಂಪ್ಯೂಟರ್ ಮಾಹಿತಿ ಕೊಡೋದು ಒಂದು ಗಳಿಗೆ ತಡವಾದರೂ ಸಿಡಿ ಕೆಟ್ಟಿತು! 2000ರಲ್ಲಿ ಸಾನ್ಯೋದವರ 'ಬರ್ನ್-ಪ್ರೂಫ್' ಬಂದಮೇಲೆ, ನಿಂತ ಜಾಗದಿಂದಲೇ ಮುಂದುವರಿಸೋದು ಡ್ರೈವುಗಳಿಗೆ ಸಾಧ್ಯವಾಯಿತು. ಆಮೇಲೆ ಮೌಸಿನಲ್ಲೇ ಎಲ್ಲ ಮುಗಿಸೋ ಕೆ3ಬಿ ಜನಪ್ರಿಯವಾಯಿತು. ಅದರ 1.0 ಆವೃತ್ತಿ ಬಂದದ್ದು 2007ರಲ್ಲಿ. ಅಷ್ಟರಲ್ಲಿ ಸಿಡಿರೆಕಾರ್ಡ್‌ನ ಲೈಸೆನ್ಸ್ ಜಗಳ ಜೋರಾಗಿ, 2006ರಲ್ಲಿ ಡೆಬಿಯನ್‌ನವರು 'ವೋಡಿಮ್' ಅಂತ ಬೇರೆ ಕವಲು ಮಾಡಿಕೊಂಡಿದ್ದರು.

ಬರೆಯೋದಕ್ಕಿಂತ ಓದೋದು ಕಷ್ಟ ಅಂದ್ರೆ ನಂಬ್ತೀರಾ? ಡೇಟಾ ಸಿಡಿಯ ಪ್ರತಿ ತುಣುಕಿಗೂ ತನ್ನದೇ ವಿಳಾಸ, ಜೊತೆಗೆ ತಪ್ಪು ತಿದ್ದಲು ಹೆಚ್ಚುವರಿ ಮಾಹಿತಿ ಇರುತ್ತದೆ. ಹಾಡಿನ ಸಿಡಿಯಲ್ಲಿ ಆ ಜಾಗವೆಲ್ಲ ಹಾಡಿಗೇ ಕೊಟ್ಟಿದ್ದಾರೆ. ಸೆಕೆಂಡಿಗೆ 75 ತುಣುಕು, ಒಂದೊಂದರಲ್ಲಿ 2,352 ಬೈಟ್. ಆದ್ದರಿಂದ ಡ್ರೈವಿಗೆ ನಿಖರ ಜಾಗ ಗೊತ್ತಾಗದೆ ಸ್ವಲ್ಪ ಹಿಂದೆ ಮುಂದೆ ಓದಿಬಿಡುತ್ತಿತ್ತು, ಹಾಡಿನ ನಡುವೆ 'ಟಿಕ್ ಟಿಕ್' ಸದ್ದು ಸೇರುತ್ತಿತ್ತು. ಇದಕ್ಕೆ ಮಾಂಟಿ ಎಂದೇ ಹೆಸರಾದ ಕ್ರಿಸ್ಟೋಫರ್ ಮಾಂಟ್ಗೊಮೆರಿ 'ಸಿಡಿಪ್ಯಾರನಾಯಾ' ಬರೆದರು. ಒಂದೇ ಭಾಗವನ್ನು ಒಂದರ ಮೇಲೊಂದು ಬರುವಂತೆ ಮತ್ತೆ ಮತ್ತೆ ಓದಿ, ಹೋಲಿಸಿ, ಹೊಂದಿದರೆ ಮಾತ್ರ ಮುಂದೆ ಹೋಗುತ್ತದೆ. ಎಲ್ಲ ಸರಿಯಿದ್ದರೆ ತೆರೆಯ ಮೇಲೆ :-) ಇರುತ್ತದೆ, ಗೀರು ಸಿಕ್ಕರೆ ಮುಖ ಬದಲಾಗುತ್ತದೆ. ನಿಧಾನ ನಿಜ, ಆದರೆ ಗುಮಾನಿ ಬಿಡದ ನಿಧಾನ!

ಇಳಿಸಿದ ಹಾಡನ್ನು ಯಾವ ರೂಪದಲ್ಲಿ ಇಡೋದು? ಎಂಪಿ3ಗೆ ಪೇಟೆಂಟ್ ಇದ್ದದ್ದರಿಂದ 2002ರಲ್ಲಿ ರೆಡ್ ಹ್ಯಾಟ್ 8.0 ಎಂಪಿ3 ಸೌಲಭ್ಯವನ್ನೇ ತೆಗೆದುಬಿಟ್ಟಿತ್ತು. ಆ ಪೇಟೆಂಟ್ ಲೈಸೆನ್ಸ್ ವ್ಯವಹಾರ ಮುಗಿದದ್ದು 2017ರಲ್ಲಿ. ಅಷ್ಟರೊಳಗೆ ಯಾರ ಅಪ್ಪಣೆಯೂ ಬೇಡದ ಫ್ಲ್ಯಾಕ್ (2001), ಓಗ್ ವೋರ್ಬಿಸ್ (2002) ಬಂದಿದ್ದವು. ಫ್ಲ್ಯಾಕ್‌ನಲ್ಲಿ ಒಂದು ಅಂಕಿಯೂ ಕಳೆಯುವುದಿಲ್ಲ. ಕನ್ನಡಿಗರಿಗೆ ಇನ್ನೊಂದು ಲಾಭವಿತ್ತು. ಸಿಡಿ-ಟೆಕ್ಸ್ಟ್‌ನಲ್ಲಿ ಕನ್ನಡ ಲಿಪಿಗೆ ಜಾಗವೇ ಇಲ್ಲ, ಮೊದಲ ಎಂಪಿ3 ಟ್ಯಾಗಿನಲ್ಲಿ ಹೆಸರಿಗೆ ಸಿಗುತ್ತಿದ್ದದ್ದು 30 ಬೈಟ್. ಓಗ್, ಫ್ಲ್ಯಾಕ್ ಎರಡರ ಟ್ಯಾಗೂ ಮೊದಲಿನಿಂದಲೇ ಯುಟಿಎಫ್-8. ಅಂದ್ರೆ ಹಾಡಿನ ಹೆಸರು, ಹಾಡಿದವರ ಹೆಸರು, ಊರಿನ ಹೆಸರು ಎಲ್ಲವನ್ನೂ ಕನ್ನಡದಲ್ಲೇ ಬರೆದಿಡಬಹುದು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಭಾರತದಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮೇಲೆ 60 ವರ್ಷ. 1930ರ ದಶಕದ ಪ್ಲೇಟುಗಳು ಅದನ್ನು ದಾಟಿಯಾಗಿದೆ. ಆದರೆ ಸಾಹಿತ್ಯದ ಹಕ್ಕಿನ ಲೆಕ್ಕ ಬೇರೆ, ಅದು ಬರೆದವರು ತೀರಿಕೊಂಡ ಮೇಲೆ 60 ವರ್ಷ. 2012ರ ತಿದ್ದುಪಡಿಯ ನಂತರ ಖಾಸಗಿ ಬಳಕೆಗೆ ನ್ಯಾಯಯುತ ವಿನಾಯಿತಿಯೂ ಇದೆ. ಹೊಸ ಸಿನಿಮಾ ಹಾಡು ಸುಟ್ಟು ಮಾರೋದು ಆಗಲೂ ತಪ್ಪು, ಈಗಲೂ ತಪ್ಪು.

ಈಗ ಆತಂಕದ ವಿಷಯ. ನಾವು ಸುಟ್ಟ ಸಿಡಿ, ಕಂಪನಿಯ ಅಚ್ಚಿನ ಸಿಡಿಯಂತಲ್ಲ. ಅದರಲ್ಲಿ ಹಾಡು ಇರೋದು ಬಣ್ಣದ ತೆಳು ಪದರದಲ್ಲಿ. ಬಿಸಿಲು, ತೇವ ಎರಡೂ ಅದಕ್ಕೆ ಆಗದು. ಹೊಳೆಯುವ ಪದರ ಲೇಬಲ್ಲಿನ ಕೆಳಗೇ ಇರೋದರಿಂದ, ಮೇಲ್ಗಡೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೂ ಹಾಳು. ಆ ಕಾಲದಲ್ಲಿ ಎಷ್ಟೋ ಜನ ಅಜ್ಜಿಯ ಸೋಬಾನೆ ಪದ, ಊರಹಬ್ಬದ ನಾಟಕ, ಹರಿಕಥೆಯ ಕ್ಯಾಸೆಟ್ಟುಗಳನ್ನು ಸಿಡಿಗೆ ಏರಿಸಿ "ಇನ್ನು ಶಾಶ್ವತ" ಅಂತ ಕ್ಯಾಸೆಟ್ ಬಿಸಾಕಿದರು. ಅಲ್ಲಿಗೆ ಆ ಒಂದು ಸಿಡಿಯೇ ಮೂಲ, ಅದೇ ಪ್ರತಿ.

ಸಿನಿಮಾ ಹಾಡಿನ ಸಿಡಿ ಹೋದರೆ ಇನ್ನೊಂದು ಕಡೆ ಸಿಕ್ಕೀತು. ನಿಮ್ಮಜ್ಜಿಯ ದನಿ ಸಿಗೋದಿಲ್ಲ. ಹಾಗಾಗಿ ಮನೆಯಲ್ಲೇ ಸುಟ್ಟ ಸಿಡಿಗಳಿಂದ ಶುರು ಮಾಡಿ. ಯುಎಸ್‌ಬಿಗೆ ಹಾಕೋ ಡಿವಿಡಿ ಡ್ರೈವ್ ಒಂದು ಸಾಕು, ಸಿಡಿಪ್ಯಾರನಾಯಾ ಇವತ್ತಿಗೂ ಕೆಲಸ ಮಾಡುತ್ತದೆ. ಫ್ಲ್ಯಾಕ್ ಮಾಡಿ, ಹಾಡಿದವರ ಹೆಸರು, ಊರು, ವರ್ಷ ಕನ್ನಡದಲ್ಲಿ ಬರೆಯಿರಿ. ಆಮೇಲೆ ಅಣ್ಣ ತಮ್ಮಂದಿರು, ದಾಯಾದಿಗಳು ಎಲ್ಲರಿಗೂ ಒಂದೊಂದು ಪ್ರತಿ ಹಂಚಿಬಿಡಿ. ಕುಣಿಗಲ್ ಕೆರೆಯ ಹಾಡು ಉಳಿದದ್ದು ಹಾಗೆಯೇ.